ಕ್ಯಾಡಿಲಾಕ್ ತಗೋತೀನಿ ಅಂದ್ರೆ ಎಲ್ಲಾ ನಗ್ತಾರಲ್ಲ, ಯಾಕೆ?

ನೋವೈ_ನಂಜುಂಡಿ

ಎಲ್ರಿಗೂ ನಮಸ್ಕಾರ. ಮಿಶಿಗನ್‌ಗೆ ಬಂದು ಹನ್ನೊಂದು ವರ್ಷ ಆಯ್ತು. ಇಷ್ಟು ದಿನ ಒಂದು ಕ್ಯಾಮ್ರಿ, ಆಮೇಲೆ ಒಂದು ಸಿಆರ್-ವಿ, ಅಂದ್ರೆ ನಮ್ಮ ಸಬ್‌ಡಿವಿಷನ್‌ನಲ್ಲಿ ಪ್ರತಿ ದೇಸಿ ಮನೆ ಮುಂದೆ ಏನು ನಿಂತಿರುತ್ತೋ ಅದೇ ನಮ್ಮನೆ ಮುಂದೇನೂ ನಿಂತಿತ್ತು. ಈಗ ಲೀಸ್ ಮುಗೀತಾ ಇದೆ, ಈ ಸಲ ಸ್ವಲ್ಪ ನೋಡೋಕೆ ಚೆನ್ನಾಗಿರೋದು ತಗೊಳ್ಳೋಣ ಅಂತ ಕ್ಯಾಡಿಲಾಕ್ ಸಿಟಿ5 ನೋಡ್ಕೊಂಡು ಬಂದೆ. ಆಫೀಸಲ್ಲಿ ಊಟದ ಟೈಮಲ್ಲಿ ಬಾಯಿ ಬಿಟ್ಟಿದ್ದೇ ತಪ್ಪಾಯ್ತು. "ಏನ್ ಗುರು, ರಿಟೈರ್ ಆಗ್ತಿದೀಯಾ" ಅಂತ ಒಬ್ಬ, "ಫ್ಲೋರಿಡಾದಲ್ಲಿ ಮನೆ ನೋಡಿದ್ಯಾ" ಅಂತ ಇನ್ನೊಬ್ಬ. ಅದೂ ಎಲ್ಲಿ, ಈ ಗಾಡಿ ಹುಟ್ಟಿದ ಊರಲ್ಲೇ!

ಹೋದ ಆಗಸ್ಟಲ್ಲಿ ಮಾವನೋರು ಹಾಸನದಿಂದ ಬಂದಿದ್ರು, ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಕರ್ಕೊಂಡು ಹೋಗಿದ್ದೆ. ಅಲ್ಲಿ ತಿಳಿ ಹಸಿರು ಬಣ್ಣದ 1959ರ ಕ್ಯಾಡಿಲಾಕ್ ಒಂದು ನಿಂತಿತ್ತು. ಹಿಂದುಗಡೆ ಆ ಫಿನ್‌ಗಳು ರೆಕ್ಕೆ ಥರ ಎದ್ದು ನಿಂತಿವೆ, ಅದರ ಪಕ್ಕದಿಂದ ಬಾಳೆಹೂವಿನ ಮೊಗ್ಗಿನ ಥರ ಚೂಪಾದ ಜೋಡಿ ಕೆಂಪು ದೀಪ ಆಚೆ ಬಂದಿವೆ. ಮಾವ ಅದರ ಹಿಂದೆ ಕೈ ಕಟ್ಕೊಂಡು ಐದು ನಿಮಿಷ ನಿಂತೇ ಬಿಟ್ರು, ಆಮೇಲೆ "ಇದು ಕಾರಲ್ಲ ಅಳಿಯಂದ್ರೆ, ರಥ" ಅಂದ್ರು. ಸರಿ, ರಥ ಅನ್ನಿಸಿಕೊಂಡಿದ್ದ ಹೆಸರು ನಗೋ ಹಾಗೆ ಆಗಿದ್ದು ಯಾವಾಗ? ತಿಳಿದೋರು ಹೇಳಿ.

ಧಾರವಾಡ_ಪೇಡೆ

ರೀ ನಂಜುಂಡಿಯವರ, ಮಾವನವರು ರಥ ಅಂದ್ರಲ್ಲ, ಅಲ್ಲೇ ಐತಿ ನೋಡ್ರಿ ಉತ್ತರ. ರಥ ವರ್ಷಕ್ಕ ಒಮ್ಮೆ ಎಳಿಯೂದು. ದಿನಾ ಆಫೀಸಿಗೆ ಹೋಗಾಕ ಲೆಕ್ಸಸ್ ತಗೊಂಡು ಸುಮ್ಮನ ಇರ್ರಿ.

ಹಳೇಗಾಡಿ_ಹುಚ್ಚ

ಪೇಡೆಯವ್ರೇ ಶುರು ಹಚ್ಕೊಂಡ್ರಾ 😄 ನಂಜುಂಡಿ ಸಾರ್, ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಓದಿ.

ಎಲ್ಲರೂ ತಪ್ಪು ತಿಳ್ಕೊಂಡಿರೋದು ಏನಂದ್ರೆ ಕ್ಯಾಡಿಲಾಕ್‌ಗೆ ಹೆಸರು ಬಂದಿದ್ದು ಆ ರೆಕ್ಕೆಯಿಂದ ಅಂತ. ಅಲ್ಲ. ರೆಕ್ಕೆ ಬರೋಕೆ ನಲವತ್ತು ವರ್ಷ ಮುಂಚೇನೇ ಹೆಸರು ಬಂದಾಗಿತ್ತು. ಕಂಪನಿ ಶುರು ಮಾಡಿದ್ದು 1902ರಲ್ಲಿ ಹೆನ್ರಿ ಲೀಲಂಡ್, ಅಳತೆ ವಿಷಯದಲ್ಲಿ ಹುಚ್ಚು ಮನುಷ್ಯ. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಮೂರು ಕ್ಯಾಡಿಲಾಕ್ ಪೂರ್ತಿ ಬಿಚ್ಚಿ, ಭಾಗಗಳನ್ನೆಲ್ಲ ಒಂದೇ ರಾಶಿ ಹಾಕಿ ಕಲಸಿ, ಅದೇ ರಾಶಿಯಿಂದ ಮತ್ತೆ ಮೂರು ಗಾಡಿ ಕಟ್ಟಿದ್ರು. ಅರ ಹಾಕಿ ಉಜ್ಜೋದಿಲ್ಲ, ಸುತ್ತಿಗೇಲಿ ಕುಟ್ಟೋದಿಲ್ಲ, ಬರೀ ಸ್ಪ್ಯಾನರ್ ಸ್ಕ್ರೂಡ್ರೈವರ್. ಆಮೇಲೆ ಅವನ್ನ 500 ಮೈಲಿ ಓಡಿಸಿದ್ರು. ಇವತ್ತು ಇದ್ರಲ್ಲೇನು ವಿಶೇಷ ಅನ್ಸುತ್ತೆ, ಆದ್ರೆ ಆ ಕಾಲಕ್ಕೆ ಒಂದು ಕಾರಿನ ಪಿಸ್ಟನ್ ಅದೇ ಮಾಡೆಲ್ಲಿನ ಇನ್ನೊಂದು ಕಾರಿಗೆ ಕೂರ್ತಿರಲಿಲ್ಲ, ಮೇಸ್ತ್ರಿ ಕೂತ್ಕೊಂಡು ಉಜ್ಜಿ ಉಜ್ಜಿ ಕೂರಿಸಬೇಕಿತ್ತು. ಅದಕ್ಕೆ ಡ್ಯೂವರ್ ಟ್ರೋಫಿ ಕೊಟ್ರು. 1912ರಲ್ಲಿ ಚಾರ್ಲ್ಸ್ ಕೆಟ್ಟರಿಂಗ್ ಮಾಡಿದ ಸೆಲ್ಫ್ ಸ್ಟಾರ್ಟರ್ ಬಂತು, ಹ್ಯಾಂಡಲ್ ಹಾಕಿ ತಿರುಗಿಸಿ ಕೈ ಮುರ್ಕೊಳ್ಳೋದು ತಪ್ತು.

ರೆಕ್ಕೆ ಬಂದಿದ್ದು 1948ರ ಮಾಡೆಲ್‌ನಲ್ಲಿ. ಡಿಸೈನ್ ಮುಖ್ಯಸ್ಥ ಹಾರ್ಲಿ ಅರ್ಲ್ ಯುದ್ಧದ ಟೈಮಲ್ಲಿ ತನ್ನ ಹುಡುಗರನ್ನ ಕರ್ಕೊಂಡು ಹೋಗಿ ಪಿ-38 ಫೈಟರ್ ವಿಮಾನ ತೋರಿಸಿದ್ದ, ಅದರ ಜೋಡಿ ಬಾಲ ತಲೇಲಿ ಕೂತುಬಿಡ್ತು. ಮೊದಲು ಬಂದ ಫಿನ್ ತುಂಬಾ ಚಿಕ್ಕದು, ಸುಮ್ಮನೆ ಒಂದು ಉಬ್ಬು ಅಷ್ಟೇ. ನನಗೆ ಇಷ್ಟ ಆಗೋದು ಅದರೊಳಗಿನ ತಮಾಷೆ. ಎಡಗಡೆ ಟೇಲ್ ಲೈಟ್ ಮೇಲಕ್ಕೆತ್ತಿದ್ರೆ ಅದರ ಕೆಳಗೆ ಪೆಟ್ರೋಲ್ ಹಾಕೋ ಮುಚ್ಚಳ! ಗೊತ್ತಿಲ್ಲದ ಬಂಕ್ ಹುಡುಗ ಗಾಡಿ ಸುತ್ತ ಎರಡು ಸಲ ಪ್ರದಕ್ಷಿಣೆ ಹಾಕ್ಬೇಕು.

1959ರದ್ದು ಅಷ್ಟು ಎತ್ತರ ಆಗಿದ್ದಕ್ಕೆ ಕಾರಣ ಹೊಟ್ಟೆ ಉರಿ. 1956ರಲ್ಲಿ ಜಿಎಂನ (ಜನರಲ್ ಮೋಟಾರ್ಸ್, ಕ್ಯಾಡಿಲಾಕ್‌ನ ಮಾಲೀಕ ಕಂಪನಿ) ಡಿಸೈನರ್ ಚಕ್ ಜೋರ್ಡನ್ ಮೌಂಡ್ ರೋಡಲ್ಲಿ ಹೋಗ್ತಾ ಎದುರಾಳಿ ಕ್ರೈಸ್ಲರ್‌ನವರ ಪ್ಲಿಮತ್ ಫ್ಯಾಕ್ಟರಿ ಬೇಲಿ ಒಳಗೆ ಇಣುಕಿ ನೋಡಿದಾಗ 1957ರ ಕ್ರೈಸ್ಲರ್ ಗಾಡಿಗಳು ಸಾಲಾಗಿ ನಿಂತಿದ್ವು, ತೆಳ್ಳಗೆ ಚೂಪಗೆ, ದೊಡ್ಡ ದೊಡ್ಡ ಫಿನ್. ವಾಪಸ್ ಹೋಗಿ ಎಲ್ಲರನ್ನೂ ಕರ್ಕೊಂಡು ಬಂದು ತೋರಿಸಿದ. ಅರ್ಲ್ ಆಗ ಯುರೋಪಲ್ಲಿದ್ದ, ಅವನು ಬರೋದ್ರೊಳಗೆ ಹುಡುಗರು ಮೊದಲಿನ ಡಿಸೈನ್ ಎತ್ತಿ ಬಿಸಾಕಿ ಹೊಸದು ಶುರು ಮಾಡಿದ್ರು. ಅದರ ಫಲಾನೇ ನಿಮ್ಮ ಮಾವನ ರಥ. 5.7 ಮೀಟರ್ ಉದ್ದ, ನಮ್ಮ ಅಂಬಾಸಿಡರ್‌ಗಿಂತ ಹತ್ತಿರ ಹತ್ತಿರ ಒಂದೂವರೆ ಮೀಟರ್ ಜಾಸ್ತಿ.

ನೋವೈ_ನಂಜುಂಡಿ

ಮೌಂಡ್ ರೋಡಾ!! ಸಾರ್ ನಾನು ವಾರಕ್ಕೆ ಎರಡು ದಿನ ಕ್ಲೈಂಟ್ ಮೀಟಿಂಗ್‌ಗೆ ಅದೇ ರೋಡಲ್ಲಿ ವಾರನ್‌ಗೆ ಹೋಗ್ತೀನಿ. ನಾನು ಇಣುಕಿ ನೋಡೋದು ಮುಂದಿನ ಗುಂಡಿ ಎಲ್ಲಿದೆ ಅಂತ ಮಾತ್ರ.

ನ್ಯೂಜೆರ್ಸಿ_ಅಕ್ಕ

ನಾನು ಕಾರ್ ಜ್ಞಾನಿ ಅಲ್ಲಪ್ಪ, ಆದ್ರೂ ಒಂದು ಹೇಳ್ತೀನಿ. 2003ರಲ್ಲಿ ಎರಡು ವರ್ಷದ ಮಗಳನ್ನ ಎತ್ಕೊಂಡು ಜೆಎಫ್‌ಕೆಯಲ್ಲಿ ಇಳಿದಾಗ ನಮ್ಮೋರು ಫೋರ್ಡ್‌ನವರ ಲಕ್ಷುರಿ ಗಾಡಿ, ಒಂದು ಕಪ್ಪು ಲಿಂಕನ್ ಟೌನ್ ಕಾರ್ ಬುಕ್ ಮಾಡಿದ್ರು. ನಾಲ್ಕು ದೊಡ್ಡ ಸೂಟ್‌ಕೇಸ್, ಅದರಲ್ಲಿ ಕುಕ್ಕರ್, ಒರಳು, ಅಮ್ಮ ಕಟ್ಟಿಕೊಟ್ಟ ಐದು ಕೆಜಿ ಹುಳಿಪುಡಿ, ಚಟ್ನಿಪುಡಿ. ಡ್ರೈವರ್ ಡಿಕ್ಕಿ ತೆಗೆದ, ನಾಲ್ಕನ್ನೂ ಮಲಗಿಸಿದ, ಇನ್ನೂ ಜಾಗ ಇತ್ತು! ಸೀಟಲ್ಲಿ ಕೂತ್ರೆ ಸೊಂಟದ ತನಕ ಒಳಗೆ ಹೋದ ಹಾಗೆ. ರೋಡಿನ ಜಾಯಿಂಟ್ ಮೇಲೆ ಹೋದಾಗ ಸದ್ದೇ ಇಲ್ಲ, ತೊಟ್ಟಿಲು ತೂಗಿದ ಹಾಗೆ ಒಂದ್ಸಲ ಮೇಲೆ ಕೆಳಗೆ ಅಷ್ಟೇ. ಮಗಳು ಸೇತುವೆ ದಾಟೋದ್ರೊಳಗೆ ನಿದ್ದೆ. ಅಮೆರಿಕ ಅಂದ್ರೆ ಇದೇ ಅಂದ್ಕೊಂಡೆ. ಮಾರನೇ ದಿನ ನಮ್ಮನೆ ಸೆಕೆಂಡ್ ಹ್ಯಾಂಡ್ ಕೊರೊಲ್ಲಾ ನೋಡಿದಾಗ ಗೊತ್ತಾಯ್ತು ನಮ್ಮ ಅಮೆರಿಕ ಯಾವುದು ಅಂತ.

ಧಾರವಾಡ_ಪೇಡೆ

ಅಕ್ಕಾರ, ಹುಳಿಪುಡಿ ಐದು ಕೆಜಿ 🙏

ಹಳೇಗಾಡಿ_ಹುಚ್ಚ

ಅಕ್ಕ, ಆ ಡಿಕ್ಕಿ 21 ಘನ ಅಡಿ. ಟೌನ್ ಕಾರ್ ಒಂಟಾರಿಯೋದ ಸೇಂಟ್ ಥಾಮಸ್ ಫ್ಯಾಕ್ಟರಿಯಲ್ಲಿ 2011ರಲ್ಲಿ ನಿಂತುಹೋಯ್ತು. ಲಾರಿ ಥರ ಚಾಸಿ ಮೇಲೆ ಬಾಡಿ ಕೂರಿಸಿದ್ದು, ಮುಂದೆ ವಿ8, ಹಿಂದಿನ ಚಕ್ರಕ್ಕೆ ಪವರ್. ಟ್ಯಾಕ್ಸಿ ಲಿಮೋ ಓಡಿಸೋರು ಲಕ್ಷಗಟ್ಟಲೆ ಮೈಲಿ ಓಡಿಸಿದ್ರು. ಆದ್ರೆ ಅದೇ ಅದಕ್ಕೆ ಮುಳುವಾಯ್ತು ಅನ್ನಿ, ಏರ್‌ಪೋರ್ಟ್ ಗಾಡಿ ಅಂತ ಹೆಸರು ಬಿದ್ಮೇಲೆ ಮನೆಗೆ ತಗೊಳ್ಳೋರು ಕಮ್ಮಿ ಆದ್ರು. ನಮ್ಮಲ್ಲಿ ಇಂಡಿಕಾಗೆ ಆದ ಹಾಗೆ.

ವೈಟ್‌ಫೀಲ್ಡ್_ವೀಲ್

ಯಾವಾಗ ಹೆಸರು ಕೆಟ್ತು ಅಂತ ಕೇಳಿದ್ರಲ್ಲ, ನಾನು ಹೇಳ್ತೀನಿ. ನಾನೂ ಆಟೋ ಇಂಜಿನಿಯರ್ರೇ, ಇಲ್ಲೇ ವೈಟ್‌ಫೀಲ್ಡಲ್ಲಿ ಕೂತು ಡೆಟ್ರಾಯಿಟ್ ಟೈಮಿಗೆ ಕಾಲ್ ತಗೊಳ್ಳೋ ಜಾತಿ. ಫಿನ್ ಹೋಗಿದ್ದಕ್ಕೋ, ಡಿಸೈನ್ ಚೌಕ ಆಗಿದ್ದಕ್ಕೋ ಹೆಸರು ಕೆಡಲಿಲ್ಲ. 1980ರಿಂದ 82, ಆ ಮೂರು ವರ್ಷದಲ್ಲಿ ಎಲ್ಲಾ ಆಗಿದ್ದು.

1973ರಲ್ಲಿ ತೈಲ ಸಂಕಷ್ಟ ಬಂತು, ಆಮೇಲೆ ಮೈಲೇಜ್ ಕಾನೂನು ಬಂತು, ಎಲ್ಲರಿಗೂ ಗಾಬರಿ. ಜಿಎಂನದೇ ಇನ್ನೊಂದು ಬ್ರಾಂಡ್ ಓಲ್ಡ್ಸ್‌ಮೊಬೀಲ್‌ನವರ ಡೀಸೆಲ್ ವಿ8 ತಂದು ಕ್ಯಾಡಿಲಾಕ್ ಸೆವಿಲ್‌ಗೆ ಹಾಕಿದ್ರು, 1980ರಲ್ಲಿ ಅದೇ ಸ್ಟ್ಯಾಂಡರ್ಡ್. ಡೀಸೆಲ್‌ನಲ್ಲಿ ಕಂಪ್ರೆಷನ್ ಪೆಟ್ರೋಲ್‌ಗಿಂತ ಎರಡೂವರೆ ಪಟ್ಟು ಜಾಸ್ತಿ, ಆದ್ರೆ ಇಂಜಿನ್ ಮೇಲ್ಭಾಗ ಬಿಗಿದಿಡೋ ಹೆಡ್ ಬೋಲ್ಟ್ ಜೋಡಣೆ ಪೆಟ್ರೋಲ್ ಇಂಜಿನ್ನಿಂದೇ ಉಳಿಸಿಕೊಂಡ್ರು, ಹಳೇ ಮೆಷಿನರಿ ನಡೀಲಿ ಅಂತ. ಬೋಲ್ಟ್ ಎಳೆದುಕೊಂಡ್ವು, ಗ್ಯಾಸ್ಕೆಟ್ ಹೋಯ್ತು. ಡೀಸೆಲ್ಲಿನ ನೀರು ಬೇರ್ಪಡಿಸೋ ಸೆಪರೇಟರ್ ಕೂಡ ಇರಲಿಲ್ಲ.

1981ರಲ್ಲಿ ವಿ8-6-4. ಐಡಿಯಾ ಸೂಪರ್, ಲೋಡ್ ಕಮ್ಮಿ ಇದ್ದಾಗ ಸಾಲೆನಾಯ್ಡ್ ಹಾಕಿ ವಾಲ್ವ್ ನಿಲ್ಲಿಸಿ ಎಂಟು ಸಿಲಿಂಡರನ್ನ ಆರು ನಾಲ್ಕು ಮಾಡೋದು, ಡ್ಯಾಶಲ್ಲಿ ಈಗ ಎಷ್ಟು ಓಡ್ತಿವೆ ಅಂತ ತೋರಿಸೋದು. ಆದ್ರೆ ಆ ಕಾಲದ ಕಂಪ್ಯೂಟರ್‌ಗೆ ಅಷ್ಟು ಸ್ಪೀಡ್ ಇರಲಿಲ್ಲ, ಗಾಡಿ ಜರ್ಕ್ ಹೊಡೀತಿತ್ತು. ತುಂಬಾ ಜನ ಒಂದು ವೈರ್ ಕಿತ್ತು ಯಾವಾಗ್ಲೂ ಎಂಟರಲ್ಲೇ ಓಡೋ ಹಾಗೆ ಮಾಡ್ಕೊಂಡ್ರು. ಒಂದೇ ವರ್ಷಕ್ಕೆ ಮಾಮೂಲಿ ಕಾರುಗಳಿಂದ ತೆಗೆದ್ರು. ಅದೇ ಐಡಿಯಾ ಇವತ್ತು ಜಿಎಂ ಟ್ರಕ್ಕುಗಳಲ್ಲಿ ಯಾರಿಗೂ ಗೊತ್ತಾಗದ ಹಾಗೆ ಕೆಲಸ ಮಾಡುತ್ತೆ, ಅದು ಬೇರೆ ಮಾತು.

ಇವೆರಡನ್ನೂ ಜನ ಕ್ಷಮಿಸ್ತಿದ್ರೇನೋ. ಹೊಸದು ಮಾಡೋಕೆ ಹೋಗಿ ಕೈ ಸುಟ್ಕೊಂಡ್ರು ಅಂತ. ಕ್ಷಮಿಸದೇ ಇದ್ದಿದ್ದು 1982ರ ಸಿಮರಾನ್. ಜಿಎಂನದೇ ಅಗ್ಗದ ಗಾಡಿ ಷೆವರ್ಲೆ ಕ್ಯಾವಲಿಯರ್ ತಗೊಂಡು ಲೆದರ್ ಸೀಟ್ ಹಾಕಿ, ಗ್ರಿಲ್ ಬದಲಾಯಿಸಿ, ಕ್ಯಾಡಿಲಾಕ್ ಬ್ಯಾಡ್ಜ್ ಅಂಟಿಸಿ 12 ಸಾವಿರ ಡಾಲರ್ ಅಂದ್ರು. 88 ಹಾರ್ಸ್‌ಪವರ್, ನಾಲ್ಕು ಸಿಲಿಂಡರ್. ಅದೇ ಗಾಡಿನ ಪಾಂಟಿಯಾಕ್, ಬ್ಯೂಕ್, ಓಲ್ಡ್ಸ್‌ಮೊಬೀಲ್‌ನವರೂ ಮಾರ್ತಿದ್ರು, ಒಟ್ಟು ಐದು ಅಂಗಡಿ. ಒಂದೇ ಹಿಟ್ಟಿನ ದೋಸೆಗೆ ದರ್ಶಿನಿಯಲ್ಲೊಂದು ರೇಟು, ಪಕ್ಕದ ಫೈವ್ ಸ್ಟಾರ್‌ನಲ್ಲಿ ಇನ್ನೊಂದು ರೇಟು. ಅದು ಸರಿ, ಫೈವ್ ಸ್ಟಾರಲ್ಲಿ ಎಸಿ, ಟೇಬಲ್ ಬಟ್ಟೆ ಆದ್ರೂ ಇರುತ್ತೆ. ಇಲ್ಲಿ ಅಡುಗೆಮನೆ ಕಿಟಕಿ ತೆಗೆದಿಟ್ಟು, ಹಿಟ್ಟು ಎಲ್ಲಿಂದ ಬಂತು ಅಂತ ಗಿರಾಕಿ ಕಣ್ಣಿಗೇ ಕಾಣೋ ಹಾಗೆ ಮಾಡಿದ್ರು. ಬಾಗಿಲು ಒಂದೇ, ಗಾಜು ಒಂದೇ. ಲೀಲಂಡ್ ಮೂರು ಗಾಡಿ ಭಾಗ ಕಲಸಿ ಹೆಸರು ತಗೊಂಡ, ಇವರು ಐದು ಬ್ರಾಂಡ್ ಕಲಸಿ ಹೆಸರು ಕಳ್ಕೊಂಡ್ರು.

ಕುಡ್ಲ_ಕ್ಲಚ್

ವೀಲ್ ಅವ್ರೇ, ಬರ್ದದ್ದು ಚಂದ ಉಂಟು, ಆದ್ರೆ ನನಗೊಂದು ಡೌಟು. ಹಾಗಾದ್ರೆ ಕ್ಯಾಡಿಲಾಕಿನ ದೊಡ್ಡ ಎಸ್‌ಯುವಿ ಎಸ್ಕಲೇಡ್ ಎಂತ? 1999ರ ಮೊದಲ ಎಸ್ಕಲೇಡ್ ಅಂದ್ರೆ ಜಿಎಂಸಿ ಯೂಕಾನ್ ಡೆನಾಲಿಗೆ ಬ್ಯಾಡ್ಜ್ ಅಂಟಿಸಿದ್ದೇ ಅಲ್ವಾ ಮಾರಾಯ್ರೆ? ಲಿಂಕನ್‌ನವರು ನ್ಯಾವಿಗೇಟರ್ ಅಂತ ದೊಡ್ಡ ಎಸ್‌ಯುವಿ ತಂದು ಹಣ ಬಾಚ್ತಾ ಇದ್ದಾಗ ಗಡಿಬಿಡಿಯಲ್ಲಿ ಮಾಡಿದ್ದು. ಅದೇ ಹಿಟ್ಟು, ಅದೇ ದೋಸೆ. ಅದು ಯಾಕೆ ಮುಳುಗ್ಲಿಲ್ಲ? ಹಾಡುಗಾರರು, ಬಾಸ್ಕೆಟ್‌ಬಾಲ್ ಆಟಗಾರರು ಎಲ್ಲ ಮೇಲೆ ಬಿದ್ದು ತಗೊಂಡ್ರು. ನಾನು ದುಬೈಯಲ್ಲಿ ಹದಿನಾಲ್ಕು ವರ್ಷ ಇದ್ದೆ, ಅಲ್ಲಿ ಎಸ್ಕಲೇಡ್ ಬಂದ್ರೆ ಹೋಟೆಲ್ ಗೇಟಿನವ ಓಡಿ ಬರ್ತಾನೆ. ಅಲ್ಲಿ ಯಾರೂ ಅಜ್ಜನ ಗಾಡಿ ಅಂತ ಹೇಳುದಿಲ್ಲ. ನಲವತ್ತೆಂಟು ಡಿಗ್ರಿಯಲ್ಲಿ ಎಸಿ ಹೇಗೆ ಹೊಡಿತದೆ ಅಂತ ಮಾತ್ರ ಕೇಳುದು.

ವೈಟ್‌ಫೀಲ್ಡ್_ವೀಲ್

ಹ್ಮ್. ಇದಕ್ಕೆ ಒಪ್ಪಿಕೊಳ್ಳಲೇಬೇಕು, ಒಳ್ಳೇ ಪಾಯಿಂಟ್. ಯೋಚಿಸಿ ಬರೀತೀನಿ, ಈಗ ಕಾಲ್ ಇದೆ.

ಹಳೇಗಾಡಿ_ಹುಚ್ಚ

ವೀಲ್ ಕಾಲ್ ಮುಗಿಸೋದ್ರೊಳಗೆ ನಾನು ಹೇಳ್ತೀನಿ. ಕ್ಲಚ್ ಅಣ್ಣ, ಎಸ್ಕಲೇಡ್ ತಗೊಂಡೋನಿಗೆ ಅವನು ಬಯಸಿದ್ದೇ ಸಿಕ್ತು, ಎತ್ತರ, ಅಗಲ, ವಿ8, ಬೀದೀಲಿ ಬಂದ್ರೆ ಜನ ತಿರುಗಿ ನೋಡೋದು. ಸಿಮರಾನ್ ತಗೊಂಡೋನಿಗೆ ಕ್ಯಾಡಿಲಾಕ್ ಅಂದ್ರೆ ಏನೇನಿರುತ್ತೆ ಅಂದ್ಕೊಂಡಿದ್ನೋ ಅದ್ಯಾವುದೂ ಸಿಗಲಿಲ್ಲ. ಹಿಟ್ಟು ಎಲ್ಲಿಂದ ತಂದ್ರಿ ಅಂತ ಯಾರೂ ಕೇಳಲ್ಲ, ಹೊಟ್ಟೆ ತುಂಬಿತಾ ಅನ್ನೋದಷ್ಟೇ. ಜೊತೆಗೆ 2002ರ ಮಾಡೆಲ್‌ಗೆ ಎಸ್ಕಲೇಡ್‌ಗೆ ಬೇರೆಯೇ ಮುಖ ಕೊಟ್ರು, ಅದು ನೆನಪಿರಲಿ.

ಇನ್ನೊಂದು, ಎಸ್ಕಲೇಡ್‌ನ ಕಪ್ಪು ಜನರು ಎತ್ತಿ ಹಿಡಿದ್ರು ಅಂತ ಇಪ್ಪತ್ತು ವರ್ಷದ ಹಿಂದೆ ಎಲ್ಲಾ ಆಶ್ಚರ್ಯ ಪಟ್ರು. ಅದರಲ್ಲಿ ಆಶ್ಚರ್ಯ ಏನೂ ಇಲ್ಲ, ಅದು ಎರಡನೇ ಸಲ. 1930ರ ದಶಕದ ಶುರುವಲ್ಲಿ ಮಾರಾಟ ಬಿದ್ದು ಕ್ಯಾಡಿಲಾಕ್ ಮುಚ್ಚೋ ಹಂತಕ್ಕೆ ಬಂದಾಗ ನಿಕೋಲಸ್ ಡ್ರೇಸ್ಟಾಟ್ ಅಂತ ಸರ್ವೀಸ್ ವಿಭಾಗದ ಮುಖ್ಯಸ್ಥ ಒಂದು ಗಮನಿಸಿದ್ದ. ಕಂಪನಿ ನೀತಿ ಕರಿಯರಿಗೆ ಮಾರಬಾರದು ಅಂತ, ಆದ್ರೆ ಸರ್ವೀಸ್‌ಗೆ ಬರೋರಲ್ಲಿ ಕಪ್ಪು ಡಾಕ್ಟರ್‌ಗಳು, ಬಾಕ್ಸರ್‌ಗಳು, ಗಾಯಕರು. ಹೇಗೆ? ಒಬ್ಬ ಬಿಳಿಯನಿಗೆ ಮೇಲೆ ದುಡ್ಡು ಕೊಟ್ಟು ಅವನ ಹೆಸರಲ್ಲಿ ತಗೊಳ್ತಿದ್ರು. ಒಳ್ಳೆ ಬೀದೀಲಿ ಮನೆ ಕೊಡಲ್ಲ, ಒಳ್ಳೆ ಹೋಟೆಲಲ್ಲಿ ರೂಮ್ ಕೊಡಲ್ಲ, ಗಳಿಸಿದೀನಿ ಅಂತ ತೋರಿಸೋಕೆ ಅವರಿಗೆ ಉಳಿದಿದ್ದು ಕಾರೊಂದೇ. ಆ ಲಾಭ ಮಧ್ಯವರ್ತಿಗೆ ಯಾಕೆ, ನಾವೇ ಮಾರೋಣ ಅಂತ ಡ್ರೇಸ್ಟಾಟ್ ಮೇಲಿನೋರನ್ನ ಒಪ್ಪಿಸಿದ ಅಂತ ಹೇಳ್ತಾರೆ. 1934ರಲ್ಲಿ ಅವನೇ ಕ್ಯಾಡಿಲಾಕ್ ಮುಖ್ಯಸ್ಥ ಆದ. 1949ರಲ್ಲಿ ಎಬೊನಿ ಪತ್ರಿಕೆ ಕಪ್ಪು ಜನ ಯಾಕೆ ಕ್ಯಾಡಿಲಾಕ್ ತಗೋತಾರೆ ಅನ್ನೋದರ ಮೇಲೆ ಸಂಪಾದಕೀಯಾನೇ ಬರೀತು. ಹಾಗಾಗಿ "ಅಜ್ಜನ ಗಾಡಿ" ಅಂತ ನಗೋರು ಯಾರ ಅಜ್ಜ ಅಂತ ಒಂದ್ಸಲ ಕೇಳ್ಬೇಕು.

ನ್ಯೂಜೆರ್ಸಿ_ಅಕ್ಕ

ಇದು ಗೊತ್ತೇ ಇರ್ಲಿಲ್ಲ. ಇನ್ನೊಬ್ಬರ ಹೆಸರಲ್ಲಿ ಬಾಡಿಗೆ ಮನೆ ಹಿಡಿಯೋದು ನಮ್ಮೂರಲ್ಲೂ ಇತ್ತಲ್ಲ, ಈಗ್ಲೂ ಇದೆ.

ಧಾರವಾಡ_ಪೇಡೆ

ಹುಚ್ಚ ಸಾಹೇಬರ, ಎಲ್ಲಾ ಖರೆ. ಆದ್ರ ಡಿಸೈನಿನಿಂದ ಹೆಸರು ಕೆಡಲಿಲ್ಲ ಅಂತ ವೀಲ್ ಅವರು ಹೇಳಿದ್ದನ್ನ ನಾ ಒಪ್ಪಂಗಿಲ್ಲ. ಎಪ್ಪತ್ತರ ದಶಕದ ಗಾಡಿ ನೋಡೀರೇನು? ನಮ್ಮ ಮನಿ ಮಾಲೀಕ ಮುದುಕನ ಕಡೆ ಒಂದು ಲಿಂಕನ್ ಮಾರ್ಕ್ ಐತಿ. ಮ್ಯಾಲ ಮಾಡಿಗೆ ರೆಕ್ಸಿನ್ ಹೊದಿಸ್ಯಾರ, ಹಿಂದ ಕಿಡಕಿ ಅಂತ ಒಂದು ಅಂಡಾಕಾರದ ತೂತು, ಡಿಕ್ಕಿ ಮ್ಯಾಲ ಸ್ಟೆಪ್ನಿ ಇದ್ದಂಗ ಸುಳ್ಳ ಉಬ್ಬು. ಒಳಗ ಮಖಮಲ್ ಸೀಟು, ನಡುನಡುವ ಗುಂಡಿ ಹೊಲದದ್ದು, ಥೇಟ್ ರಿಸೆಪ್ಷನ್ನಿನೊಳಗ ಮದುಮಕ್ಕಳನ್ನ ಕೂಡಸೂ ಸೋಫಾ. 1976ರಾಗ ಕಾರ್ಟಿಯರ್, ಜಿವಾಂಶಿ, ಪುಚ್ಚಿ ಅಂತ ಬಟ್ಟಿ ಬಂಗಾರದವರ ಹೆಸರು ಹಚ್ಚಿ ಸ್ಪೆಷಲ್ ಎಡಿಶನ್ ಬ್ಯಾರೆ. ಅದೇ ವರ್ಷದ ಕ್ಯಾಡಿಲಾಕ್ ಎಲ್ಡೊರಾಡೊ ನೋಡ್ರಿ, 8.2 ಲೀಟರ್ ಇಂಜಿನ್, 190 ಹಾರ್ಸ್‌ಪವರ್! ಇವತ್ತು ಎರಡು ಲೀಟರಿನ ಟರ್ಬೊ ಅದಕ್ಕಿಂತ ಹೆಚ್ಚು ಕೊಡ್ತೈತಿ. ಎಂಟು ಲೀಟರ್ ಹಾಲು ಕಾಸಿ ಒಂದು ಪೇಡೆ ಮಾಡಿದಂಗ.

ಹಳೇಗಾಡಿ_ಹುಚ್ಚ

ಪೇಡೆಯವ್ರೇ ಕೊನೆ ಲೈನಿಗೆ ಶರಣು 😂 ಆದ್ರೆ ಆ ಸೋಫಾ ಗಾಡಿಗಳು ಆಗ ಸಿಕ್ಕಾಪಟ್ಟೆ ಮಾರಾಟ ಆದ್ವು, ತಗೊಂಡೋರು ಖುಷಿಯಾಗೇ ಇದ್ರು. ನಿಮಗೆ ಇಷ್ಟ ಆಗ್ದೇ ಇರೋದು ಬೇರೆ, ಹೆಸರು ಕೆಡೋದು ಬೇರೆ.

ಡಿಸೈನೂ ಹೆಸರೂ ಒಟ್ಟಿಗೆ ಕೂಡಿ ಬಂದಿದ್ದಕ್ಕೆ ಒಂದು ಉದಾಹರಣೆ ಬೇಕಾ, 1961ರ ಲಿಂಕನ್ ಕಾಂಟಿನೆಂಟಲ್ ನೋಡಿ. ಎಲ್ವುಡ್ ಎಂಗೆಲ್ ಅದನ್ನ ಗೀಚಿದ್ದು ಥಂಡರ್‌ಬರ್ಡ್‌ಗೆ ಅಂತ. ಫೋರ್ಡ್‌ನ ಮ್ಯಾಕ್‌ನಮಾರ, ಹೌದು, ಆಮೇಲೆ ವಿಯೆಟ್ನಾಂ ಯುದ್ಧ ನಡೆಸಿದ ಅದೇ ಪುಣ್ಯಾತ್ಮ, ಲಿಂಕನ್ ನಷ್ಟದಲ್ಲಿದೆ ಮುಚ್ಚೋಣ ಅನ್ನೋ ಯೋಚನೇಲಿದ್ದ. ಇದನ್ನ ನೋಡಿ ಸ್ವಲ್ಪ ಉದ್ದ ಮಾಡಿ ಲಿಂಕನ್ ಮಾಡಿ ಅಂದ. ಫಿನ್ ಇಲ್ಲ, ಕ್ರೋಮ್ ರಾಶಿ ಇಲ್ಲ, ಎರಡೂ ಪಕ್ಕ ಇಸ್ತ್ರಿ ಮಾಡಿದ ಹಾಗೆ ಸಪಾಟು, ಅಂಚಿಗೊಂದು ಗೆರೆ. ಹಿಂದಿನ ಬಾಗಿಲು ಎದುರು ದಿಕ್ಕಿಗೆ ತೆಗೆಯುತ್ತೆ, ಮುಂದಿನದ್ದು ಹಿಂದಿನದ್ದು ಎರಡೂ ತೆಗೆದ್ರೆ ಬೀರು ತೆಗೆದ ಹಾಗೆ. ಉದ್ದದಲ್ಲಿ ಹಿಂದಿನ ವರ್ಷದ ಲಿಂಕನ್‌ಗಿಂತ ಒಂದಡಿಗೂ ಜಾಸ್ತಿ ಕಮ್ಮಿ. ಆದ್ರೆ ಅಲ್ಲಿಗೇ ಬಿಡಲಿಲ್ಲ, ಪ್ರತಿ ಇಂಜಿನ್ನೂ ಮೂರು ಗಂಟೆ ಓಡಿಸಿ ಪರೀಕ್ಷೆ ಮಾಡಿ, ಪ್ರತಿ ಗಾಡೀನೂ 12 ಮೈಲಿ ರೋಡಲ್ಲಿ ಓಡಿಸಿ ಆಮೇಲೆ ಹೊರಗೆ ಬಿಡ್ತಿದ್ರು. ಎರಡು ವರ್ಷ, 24 ಸಾವಿರ ಮೈಲಿ ವಾರಂಟಿ, ಆಗ ಅಮೆರಿಕದಲ್ಲಿ ಯಾರೂ ಅಷ್ಟು ಕೊಡ್ತಿರಲಿಲ್ಲ. ಕೆನಡಿ ಗುಂಡಿಗೆ ಬಲಿಯಾದಾಗ ಕೂತಿದ್ದೂ ಅದೇ ಮಾದರಿ ಗಾಡೀಲಿ, ಆದ್ರೂ ಅದರ ಮರ್ಯಾದೆ ಹೋಗಲಿಲ್ಲ.

ವೈಟ್‌ಫೀಲ್ಡ್_ವೀಲ್

ಕಾಲ್ ಮುಗೀತು. ಕ್ಲಚ್ ಅವ್ರ ಎಸ್ಕಲೇಡ್ ವಿಷ್ಯದಲ್ಲಿ ನಾನು ಸೋತೆ ಅಂತಾನೇ ಇಟ್ಕೊಳ್ಳಿ, ಬ್ಯಾಡ್ಜ್ ಬದಲಾಯಿಸೋದೇ ಪಾಪ ಅಂತ ನಾನು ಬರ್ದಿದ್ದು ಜಾಸ್ತಿ ಆಯ್ತು. ಆದ್ರೆ ಹೆಸರು ಕೆಟ್ಟ ಮೇಲೆ ವಾಪಸ್ ಬರೋಕೆ ಎಷ್ಟು ಟೈಮ್ ಹಿಡಿಯುತ್ತೆ ನೋಡಿ. 1989ರಲ್ಲಿ ಲೆಕ್ಸಸ್ ಎಲ್ಎಸ್400 ಬಂತು, 35 ಸಾವಿರ ಡಾಲರ್, ಬಾನೆಟ್ ಮೇಲೆ ಶಾಂಪೇನ್ ಗ್ಲಾಸ್ ಗೋಪುರ ಇಟ್ಟು ಇಂಜಿನ್ ಓಡಿಸಿ ಜಾಹೀರಾತು ಮಾಡಿದ್ರು. ಅದೇ ಹೊತ್ತಲ್ಲಿ ಕ್ಯಾಡಿಲಾಕ್ ಏನ್ ಮಾಡ್ತಿತ್ತು ಗೊತ್ತಾ? ಅಲಾಂಟೆ ಅಂತ ಗಾಡಿಗೆ ಇಟಲಿಯ ಟುರಿನ್‌ನಲ್ಲಿ ಪಿನಿನ್‌ಫರೀನಾ ಹತ್ರ ಬಾಡಿ ಮಾಡಿಸಿ, ಬೋಯಿಂಗ್ 747ನಲ್ಲಿ ತುಂಬಿ ಡೆಟ್ರಾಯಿಟ್‌ಗೆ ಹಾರಿಸಿಕೊಂಡು ಬರ್ತಿತ್ತು. 1997ರಲ್ಲಿ ಕಟೇರಾ ಅಂತ ಜರ್ಮನಿಯ ಓಪೆಲ್ ಗಾಡಿ ತಂದು ಅದಕ್ಕೆ ಬಾತುಕೋಳಿ ಕಾರ್ಟೂನ್ ಜಾಹೀರಾತು ಕೊಟ್ರು. ಆ ಬಾತುಕೋಳಿ ಕ್ಯಾಡಿಲಾಕ್ ಲಾಂಛನದಲ್ಲಿದ್ದ ಹಕ್ಕಿ, ಮುಂದೆ ಲಾಂಛನ ಬದಲಾಯಿಸಿದಾಗ ಹಕ್ಕೀನೂ ಹೋಯ್ತು, ಕಿರೀಟಾನೂ ಹೋಯ್ತು, 2014ರಲ್ಲಿ ಸುತ್ತಲಿನ ಹಾರಾನೂ ಹೋಯ್ತು.

1999ರ ಎವೋಕ್ ಕಾನ್ಸೆಪ್ಟ್ ಇಂದ ಶುರು ಆಗಿದ್ದು ನಿಜವಾದ ಬದಲಾವಣೆ. ಚಾಕು ಹಾಕಿ ಕೆತ್ತಿದ ಹಾಗೆ ಗೆರೆ, ನೆಟ್ಟಗೆ ನಿಂತ ದೀಪ. 2003ರ ಸಿಟಿಎಸ್ ಆ ಮುಖ ಹೊತ್ತು ಬಂದಾಗ ಅರ್ಧ ಜನ ಮುಖ ಸಿಂಡರಿಸಿದ್ರು, ಆದ್ರೆ ದೂರದಿಂದ ನೋಡಿದ್ರೂ ಇದು ಬೇರೆ ಯಾವ ಗಾಡೀನೂ ಅಲ್ಲ ಅಂತ ಗೊತ್ತಾಗ್ತಿತ್ತು. 2008ರಲ್ಲಿ ಸಿಟಿಎಸ್-ವಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನ ಸುತ್ತನ್ನ ಎಂಟು ನಿಮಿಷದೊಳಗೆ ಮುಗಿಸ್ತು. ಈಗ ಸಿಟಿ5-ವಿ ಬ್ಲ್ಯಾಕ್‌ವಿಂಗ್, 668 ಹಾರ್ಸ್‌ಪವರ್, ಅದೂ ಮ್ಯಾನ್ಯುವಲ್ ಗೇರ್ ಸಿಗುತ್ತೆ, ಫಾರ್ಮುಲಾ ಒನ್‌ಗೂ 2026ರಿಂದ ಕ್ಯಾಡಿಲಾಕ್ ಟೀಮ್. ಗಾಡಿ ಸರಿ ಹೋಗಿ ಇಪ್ಪತ್ತು ವರ್ಷ ಆಯ್ತು. ನಂಜುಂಡಿಯವ್ರ ಆಫೀಸಲ್ಲಿ ಇನ್ನೂ ನಗ್ತಿದಾರೆ. ನಡುವೆ 2015ರಲ್ಲಿ ಹೆಡ್ಡಾಫೀಸನ್ನೇ ನ್ಯೂಯಾರ್ಕ್‌ಗೆ ಎತ್ಕೊಂಡು ಹೋದ್ರು, ಅಲ್ಲಿ ಇದ್ರೆ ಸ್ಟೈಲ್ ಬರುತ್ತೆ ಅಂತ, ಮೂರ್ನಾಲ್ಕು ವರ್ಷಕ್ಕೆ ವಾಪಸ್.

ಕುಡ್ಲ_ಕ್ಲಚ್

ಲಿಂಕನ್‌ದ್ದು ಇನ್ನೂ ಪಾಪ ಮಾರಾಯ್ರೆ. ಕಾಂಟಿನೆಂಟಲ್ ಅಂತ ಎಷ್ಟು ಚಂದದ ಹೆಸರು ಇಟ್ಕೊಂಡು ಎಂಕೆಎಸ್, ಎಂಕೆಟಿ, ಎಂಕೆಎಕ್ಸ್, ಎಂಕೆಝಡ್ ಅಂತ ಹೆಸರಿಟ್ರು, ಶೋರೂಮಿನವನಿಗೇ ಯಾವುದು ಯಾವ್ದು ಅಂತ ಗೊತ್ತಾಗ್ಲಿಕ್ಕಿಲ್ಲ. ಆಮೇಲೆ ಬುದ್ಧಿ ಬಂದು ಕಾಂಟಿನೆಂಟಲ್ ವಾಪಸ್ ತಂದ್ರು, 2020ಕ್ಕೆ ಅದೂ ನಿಂತಿತು. ಈಗ ಅಮೆರಿಕದಲ್ಲಿ ಲಿಂಕನ್ ಅಂದ್ರೆ ಬರೀ ಎಸ್‌ಯುವಿ, ಅದರಲ್ಲಿ ನಾಟಿಲಸ್ ಚೀನಾದಲ್ಲಿ ಆಗಿ ಬರುದು. ಡ್ಯಾಶಿನಲ್ಲಿ ಈ ಕಡೆಯಿಂದ ಆ ಕಡೆಗೆ 48 ಇಂಚಿನ ಸ್ಕ್ರೀನು, ನಮ್ಮ ಮನೆ ಹಾಲ್‌ನಲ್ಲಿ ಇರುವುದು 43.

ನ್ಯೂಜೆರ್ಸಿ_ಅಕ್ಕ

ಒಂದು ಮಾತು ಹೇಳ್ಲೇಬೇಕು. ನಗೋರೆಲ್ಲ ಸುಮ್ಮನೆ ನಗ್ತಿಲ್ಲ. 2010ರಲ್ಲಿ ನಮ್ಮೋರು ಒಂದು ಸೆಕೆಂಡ್ ಹ್ಯಾಂಡ್ ಅಮೆರಿಕನ್ ಲಕ್ಷುರಿ ಸೆಡಾನ್ ತಗೊಂಡ್ರು, ಕಂಪನಿ ಹೆಸರು ಬೇಡ. ಡ್ರೈವ್ ವೇನಲ್ಲಿ ಹಸಿರು ಕೂಲೆಂಟ್ ಹನಿ, ನಾನು ದಿನಾ ಬೆಳಗ್ಗೆ ರಂಗೋಲಿ ಹಾಕೋ ಜಾಗದ ಪಕ್ಕದಲ್ಲೇ. ಮೆಕ್ಯಾನಿಕ್ ಹೇಳಿದ ರಿಪೇರಿ ರೇಟು ಗಾಡಿ ರೇಟಿಗಿಂತ ಜಾಸ್ತಿ. ಎರಡು ವರ್ಷ ನಮ್ಮನೇಲಿ ಆ ವಿಷ್ಯ ಎತ್ತಿದ್ರೆ ಜಗಳ. ಅಂಥಾ ಮನೆಯೋರು ಮಕ್ಕಳಿಗೆ ಏನ್ ಹೇಳ್ತಾರೆ ಹೇಳಿ? ನನ್ನ ಮಗಳಿಗೆ ಈಗ ಇಪ್ಪತ್ತು ದಾಟಿದೆ, ಟೌನ್ ಕಾರಲ್ಲಿ ನಿದ್ದೆ ಹೋಗಿದ್ದು ಅವಳಿಗೆ ನೆನಪಿಲ್ಲ, ರಂಗೋಲಿ ಪಕ್ಕದ ಹಸಿರು ನೀರು ಚೆನ್ನಾಗಿ ನೆನಪಿದೆ.

ನೋವೈ_ನಂಜುಂಡಿ

ಅಕ್ಕ, ನಿಮ್ಮ ಮಾತು ಓದಿ ಒಂದು ವಾರ ಸುಮ್ಮನಾದೆ. ಆಮೇಲೆ ಶನಿವಾರ ಮನೆಯವಳನ್ನೂ ಮಾವನವರ ಹಳೇ ವಿಐಪಿ ಸೂಟ್‌ಕೇಸನ್ನೂ ಕರ್ಕೊಂಡು ಟೆಸ್ಟ್ ಡ್ರೈವ್ ಹೋದ್ವಿ. ಓಡಿಸೋಕೆ ಸಕ್ಕತ್ತಾಗಿದೆ, ಸ್ಟೀರಿಂಗ್ ಹೇಳಿದ ಮಾತು ಕೇಳುತ್ತೆ, ಟೌನ್ ಕಾರ್ ಥರ ತೊಟ್ಟಿಲಲ್ಲ. ಡಿಕ್ಕಿ ಮಾತ್ರ 12 ಘನ ಅಡಿ, ಸೂಟ್‌ಕೇಸ್ ಒಂದು ಇಟ್ಟ ಮೇಲೆ ಎರಡನೇದು ಅಡ್ಡ ಹಾಕೋಕೆ ಸೇಲ್ಸ್ ಹುಡುಗಾನೂ ನಾನೂ ಬೆವರಿಬಿಟ್ವಿ. ಮಾಡು ಹಿಂದಕ್ಕೆ ಇಳಿದಿರೋದ್ರಿಂದ ಹಿಂದಿನ ಸೀಟಲ್ಲಿ ನನ್ನ ತಲೆ ತಾಗುತ್ತೆ, ಮನೆಯವಳಿಗೆ ಪರವಾಗಿಲ್ಲ. ಅವಳು ಕೇಳಿದ್ದು ಒಂದೇ, "ಮುಂದಿನ ವರ್ಷ ಅಪ್ಪ ಅಮ್ಮ ಇಬ್ರೂ ಬಂದ್ರೆ ಏರ್‌ಪೋರ್ಟಿಂದ ಹೆಂಗೆ ಕರ್ಕೊಂಡು ಬರ್ತೀರಾ?"

ಆಫೀಸಲ್ಲಿ ಸೋಮವಾರ ಫೋಟೋ ತೋರಿಸಿದೆ. ನಕ್ಕಿದ್ನಲ್ಲ ಫ್ಲೋರಿಡಾ ಅಂತ, ಅವನೇ ಎಷ್ಟು ಲೀಸ್ ರೇಟ್ ಅಂತ ಮೆಲ್ಲಗೆ ಕೇಳ್ದ.

ಧಾರವಾಡ_ಪೇಡೆ

ಏರ್‌ಪೋರ್ಟಿಗೆ ಊಬರ್ ಮಾಡ್ರಿ. ರೇಟ್ ಎಷ್ಟಂದ್ರು?

ನೋವೈ_ನಂಜುಂಡಿ

ಪೇಡೆಯವ್ರೇ, ನೀವೂನಾ! ಇನ್‌ಬಾಕ್ಸ್‌ಗೆ ಹಾಕ್ತೀನಿ.